ಮೂರು ಚೌಕ ನೋಡುವಷ್ಟು ಹೊತ್ತು

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರಾಗಿದ್ದಷ್ಟು ಕಾಲ, ನಗು ಬರುವಂಥದ್ದು ಏನಾದರೂ ಒಂದು ನಡೆಯದ ದಿನವೇ ಇರಲಿಲ್ಲ. ನಕ್ಕು ಮುಗಿಸಿ ಟವಲಿನಿಂದ ಕಣ್ಣೊರೆಸಿಕೊಂಡಾಗ ಅದು ನಗುವಿನ ನೀರೋ ಇನ್ನೊಂದೋ ಅಂತ ತಿಳಿಯದ ದಿನಗಳೂ ಇದ್ದವು. ಇಲ್ಲಿ ಹೇಳುತ್ತಿರುವುದು ಆ ಎರಡನೆಯ ಬಗೆಯವು.

ಆಗಿನ್ನೂ ರಾಜ್ಯ ಒಂದಾಗಿ ಎರಡು ಮೂರು ವರ್ಷ. ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಪೇಪರಿನ ಕಟ್ಟು ಬರುತ್ತಿತ್ತು. ಶಿಕಾರಿಪುರದ ಕಟ್ಟನ್ನು ಇಳಿಸಿಕೊಂಡು, ಸೊರಬದ ಕಟ್ಟನ್ನು ನಮ್ಮ ಬಸ್ಸಿಗೆ ಹಾಕುತ್ತಿದ್ದರು. ಅದನ್ನು ತಲುಪಿಸುವ ಉಪಕಾರಕ್ಕೆ ಕಂಡಕ್ಟರಿಗೆ ಒಂದು ಪೇಪರು ಬಿಟ್ಟಿ. ಆ ಒಂದು ಪೇಪರು ಸೊರಬ ಮುಟ್ಟುವಷ್ಟರಲ್ಲಿ ಬಸ್ಸಿನ ಎಲ್ಲರ ಕೈಯನ್ನೂ ದಾಟಿ, ಒಗೆದ ಬಟ್ಟೆಯಷ್ಟು ಮೆತ್ತಗಾಗಿರುತ್ತಿತ್ತು. ಯಾರೂ ಅದರ ಮೊದಲ ಪುಟ ನೋಡುತ್ತಿರಲಿಲ್ಲ. ಎಲ್ಲರಿಗೂ ಬೇಕಾದದ್ದು ಕೊನೆಯ ಪುಟದ ಕೆಳಗಡೆ, ಮೂರು ಚೌಕದಲ್ಲಿ ದಿನಕ್ಕಿಷ್ಟು ಬರುತ್ತಿದ್ದ ಚಿತ್ರದ ಕತೆ.

ಹೊರದೇಶದ ಯಾರೋ ಬರೆದ ಚಿತ್ರ, ಮಾತು ಮಾತ್ರ ಕನ್ನಡದ್ದು. ಅದರಲ್ಲಿ ಒಬ್ಬ ಗಿಡ್ಡ ಮನುಷ್ಯ. ಕಿವಿಯವರೆಗೆ ಇಳಿದ ದೊಡ್ಡ ಟೋಪಿ. ಅವನ ಹೆಸರು ಯಾರ ನಾಲಗೆಗೂ ಹೊರಳುತ್ತಿರಲಿಲ್ಲವಾದ್ದರಿಂದ ನಮ್ಮ ಬಸ್ಸಿನಲ್ಲಿ ಅವನು ಟೋಪಿ ಮಾವ. ಆ ವರ್ಷ ಸುಗ್ಗಿಯ ಹೊತ್ತಿಗೆ ಟೋಪಿ ಮಾವನ ಹೆಂಡತಿ ಮುನಿಸಿಕೊಂಡು ತವರಿಗೆ ಹೋದಳು. ಅವನು ಅವಳನ್ನು ಕರೆದುಕೊಂಡು ಬರಲು ಹೊರಟ. ಹೊರಟವನು ದಿನಾ ಒಂದು ಎಡವಟ್ಟು ಮಾಡಿಕೊಳ್ಳುತ್ತಿದ್ದ. ಒಂದು ದಿನ ರೈಲು ತಪ್ಪಿತು, ಒಂದು ದಿನ ಬೇರೆ ಯಾರದೋ ಮಾವನ ಮನೆಗೆ ಹೋಗಿ ಊಟ ಮಾಡಿಬಂದ.

ಅವನು ಹೆಂಡತಿಯ ಮನೆ ಮುಟ್ಟುತ್ತಾನೋ ಇಲ್ಲವೋ ಎನ್ನುವುದು ಬಸ್ಸಿನವರಿಗೆಲ್ಲ ತಮಾಷೆ. ಒಬ್ಬಳಿಗೆ ಮಾತ್ರ ಅದು ತಮಾಷೆಗಿಂತ ದೊಡ್ಡದಾಗಿತ್ತು. ಅವಳು ನನ್ನ ಅಕ್ಕ.

ಅಕ್ಕನ ನಿಲ್ದಾಣ

ನಮ್ಮ ಮನೆ ತಾಳಗುಂದದಲ್ಲಿ. ಅಕ್ಕ ಮದುವೆಯಾದ ವರ್ಷ ದೀಪಾವಳಿಗೆಂದು ತವರಿಗೆ ಬಂದಳು. ಹಬ್ಬ ಮುಗಿಯಿತು. ಭಾವ ಕರೆಯಲು ಬಂದನಂತೆ. ದೊಡ್ಡ ರಸ್ತೆಯವರೆಗೆ ಬಂದವನು, ಎದುರುಗೊಂಡು ಕೈಚೀಲ ಇಸಿದುಕೊಳ್ಳಲು ಯಾರೂ ಬಂದಿಲ್ಲವೆಂದು ಅಲ್ಲಿಂದಲೇ ವಾಪಸು ಹೋದ. 'ಅವರೇ ತಂದು ಬಿಡಲಿ' ಎಂದು ಆ ಮನೆಯವರು. 'ಅವನೇ ಬಂದು ಕರೆಯಲಿ' ಎಂದು ನಮ್ಮಪ್ಪ. ಅಪ್ಪ ಸತ್ತ. ಆ ಮನೆಯ ಹಿರಿಯರೂ ಸತ್ತರು. ಮಾತು ಮಾತ್ರ ಹಾಗೇ ಉಳಿಯಿತು. ಭಾವ ಇನ್ನೊಂದು ಮದುವೆಯಾಗಲಿಲ್ಲ, ಅಕ್ಕ ಹೋಗಲಿಲ್ಲ. ಹೀಗೆ ಹದಿನಾಲ್ಕು ವರ್ಷ.

ನನಗೆ ಇದರಲ್ಲಿ ನಾಚಿಕೆಯ ಸಂಗತಿ ಒಂದಿದೆ. ಎರಡು ತಾಲೂಕಿನ ಹೆಣ್ಣುಮಕ್ಕಳನ್ನು ಬುತ್ತಿಯ ಸಮೇತ ಗಂಡನ ಮನೆಗೆ ಮುಟ್ಟಿಸಿದವನು ನಾನು. ನನ್ನ ಬಸ್ಸು ಭಾವನ ಊರಿನ ಮುಂದೆಯೇ ಹೋಗುತ್ತಿತ್ತು. ಅಕ್ಕನನ್ನು ಹತ್ತಿಸಿಕೊಂಡು ಅಲ್ಲಿ ಇಳಿಸಿದ್ದರೆ ಆಗಿಹೋಗುತ್ತಿತ್ತು. 'ಕರೆಯಲು ಬರಲಿ' ಎಂದು ನಾನೂ ಅಂದವನೇ.

ತಾಳಗುಂದದ ಕಾಲುದಾರಿ ದೊಡ್ಡ ರಸ್ತೆಗೆ ಕೂಡುವಲ್ಲಿ ಒಂದು ಹುಣಸೆಮರ. ಅಕ್ಕ ಎಮ್ಮೆ ಕರೆದು, ಅಡುಗೆ ಮುಗಿಸಿ, ಒಂದು ಗಂಟೆ ನಡೆದು ಅಲ್ಲಿಗೆ ಬಂದು ನಿಂತಿರುತ್ತಿದ್ದಳು. ಬಸ್ಸು ಹತ್ತುವುದಕ್ಕಲ್ಲ, ಪೇಪರು ನೋಡುವುದಕ್ಕೆ. ಅವಳಿಗೆ ಓದು ಬಾರದು. ನಾನು ಕಿಟಕಿಯಿಂದ ಪೇಪರು ಕೊಟ್ಟು, ಚೌಕದೊಳಗಿನ ಮಾತನ್ನು ಓದಿ ಹೇಳಬೇಕು. ಅವಳು ಮೂರು ಚೌಕವನ್ನೂ ಬೆರಳಿಟ್ಟು ನೋಡಿ, ನಕ್ಕು, ಪೇಪರು ವಾಪಸು ಕೊಟ್ಟು, "ನಾಳೆ ಹೋಗ್ತಾನೆ ಬಿಡು" ಅನ್ನುವಳು. ಆಮೇಲೆ ನಾನು 'ರೈಟ್' ಅನ್ನಬೇಕು.

ಒಂದು ದಿನ ಮುಂದಿನ ಸೀಟಿನಲ್ಲಿ ತಾಲೂಕು ಕಚೇರಿಯ ದೊಡ್ಡ ಅಧಿಕಾರಿಯೊಬ್ಬರು ಕೂತಿದ್ದರು. ಬಸ್ಸು ನಿಂತದ್ದು ನೋಡಿ ಸಿಡುಕಿದರು. "ಏನ್ರೀ ಇದು? ಹತ್ತೋರಿಲ್ಲ, ಇಳಿಯೋರಿಲ್ಲ, ಯಾಕ್ರೀ ನಿಲ್ಲಿಸಿದ್ದು?"

ನಮ್ಮ ಡ್ರೈವರು ವಯಸ್ಸಾದ ಮನುಷ್ಯ, ಯಾರಿಗೂ ಹೆದರುವವನಲ್ಲ. "ಇಂಜಿನ್ನಿಗೆ ನೀರು ಬೇಕು ಸಾರ್" ಅಂದ.

"ನೀರೇ ಹಾಕ್ತಿಲ್ವಲ್ಲರೀ!"

"ಕೇಳ್ಕೊಂತಿದೀನಿ ಸಾರ್, ಬೇಕಾ ಅಂತ."

ಅಧಿಕಾರಿಗಳು ಕೆಂಪಾದರು. ಇಳಿದುಹೋಗಿ ಅಕ್ಕನ ಹತ್ತಿರ ನಿಂತು, "ಏನಮ್ಮಾ, ಸರ್ಕಾರದ ಕೆಲಸಕ್ಕೆ ಹೋಗೋರನ್ನ ತಡೀತೀಯಲ್ಲ, ಏನೈತೆ ಅದ್ರಾಗೆ?" ಅಂದರು. ಅಕ್ಕ ಹೆದರಿ ಪೇಪರನ್ನು ಅವರ ಕೈಗೇ ಕೊಟ್ಟುಬಿಟ್ಟಳು. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಆ ದಿನ ಟೋಪಿ ಮಾವ ಹೆಂಡತಿಗೆಂದು ಹೂವು ಕೊಂಡು, ದಾರಿಯಲ್ಲಿ ಮೇಕೆಗೆ ತಿನ್ನಿಸಿ ನಿಂತಿದ್ದ. ಅಧಿಕಾರಿಗಳು ಒಂದು ಸಲ ನೋಡಿದರು, ಇನ್ನೊಂದು ಸಲ ನೋಡಿದರು. ಆಮೇಲೆ ಬಸ್ಸು ಹತ್ತಿ ಕೂತರು. ಸೊರಬದಲ್ಲಿ ಇಳಿಯುವಾಗ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಕಂಡಕ್ಟರೇ, ನಿನ್ನೇದು ಏನಾಗಿತ್ತು ಸ್ವಲ್ಪ ಹೇಳ್ರಿ."

ಸೀರೆ

ಕುಪ್ಪಗಡ್ಡೆಯ ಅಜ್ಜಿಯೊಬ್ಬಳು ವಾರಕ್ಕೆರಡು ಸಲ ನಮ್ಮ ಬಸ್ಸಿಗೆ ಬರುತ್ತಿದ್ದಳು. ಶಿಕಾರಿಪುರದಲ್ಲಿ ಮಗಳ ಮನೆ, ಕುಪ್ಪಗಡ್ಡೆಯಲ್ಲಿ ಮಗನ ಮನೆ. ಎರಡೂ ಕಡೆ ಸೊಸೆ ಅಳಿಯಂದಿರ ಮೇಲೆ ಹೇಳಲು ಮಾತಿದ್ದುದರಿಂದ ಅವಳಿಗೆ ಪ್ರಯಾಣ ತಪ್ಪುತ್ತಿರಲಿಲ್ಲ. ಅವಳಿಗೆ ಟೋಪಿ ಮಾವನ ಹೆಂಡತಿಯ ಮೇಲೆ ಬಹಳ ಮರುಕ.

"ಅಲ್ಲೋ ಕಂಡಕ್ಟರಾ, ಈ ಹೆಣ್ಣು ಯಾಕೆ ತವರಿಗೆ ಹೋತು ಅಂತ ಪೇಪರ್ನೋರಿಗೆ ತಿಳಿದಿಲ್ಲ, ನಂಗೆ ತಿಳಿದೈತೆ" ಅಂದಳು ಒಂದು ದಿನ.

"ಯಾಕಜ್ಜಿ?"

"ಕಣ್ಣು ಕಾಣಂಗಿಲ್ವಾ ನಿಂಗೆ? ಮೊಣಕಾಲ್ ತಂಕ ಲಂಗ. ಮದುವೆಯಾದ ಹೆಣ್ಣಿಗೆ ಉಡಾಕೆ ಒಂದು ಸೀರೆ ತಂದಿಲ್ಲ ಆ ಟೋಪಿ. ಯಾರಾದ್ರೂ ಇರ್ತಾರೇನೋ?"

ಮುಂದಿನ ವಾರ ಒಂದು ಗಂಟು ತಂದು ನನ್ನ ಕೈಗಿತ್ತಳು. ಒಳಗೆ ಮಡಿಸಿದ ಇಳಕಲ್ ಸೀರೆ, ಎರಡು ಸಲ ಉಟ್ಟದ್ದಷ್ಟೇ. ಪೇಪರು ಅಚ್ಚು ಹಾಕುವ ಊರಿಗೆ ಕಳಿಸಬೇಕೆಂದಳು. ಅದು ಬರೀ ಚಿತ್ರವೆಂದು ಹೇಳಲು ಬಾಯಿ ತೆಗೆದೆ. ಅವಳ ಮುಖ ನೋಡಿ ಗಂಟನ್ನು ಸೀಟಿನ ಕೆಳಗೆ ಇಟ್ಟುಕೊಂಡೆ. ಆ ಸೀರೆಯನ್ನು ಅಕ್ಕನಿಗೆ ಕೊಟ್ಟೆ, ವಿಷಯವನ್ನೂ ಹೇಳಿದೆ. ಅಕ್ಕ ಬಿದ್ದು ಬಿದ್ದು ನಕ್ಕಳು. ಮರುದಿನ ಅದನ್ನೇ ಉಟ್ಟುಕೊಂಡು ಹುಣಸೆಮರದ ಹತ್ತಿರ ನಿಂತಿದ್ದಳು.

ಗ್ರಹಚಾರ, ಅಜ್ಜಿ ಆ ದಿನವೂ ಬಸ್ಸಿನಲ್ಲಿದ್ದಳು. ಸೀರೆ ನೋಡಿದಳು, ಅಕ್ಕನನ್ನು ನೋಡಿದಳು, ನನ್ನನ್ನು ನೋಡಿದಳು.

ಅಜ್ಜಿ ಕಿಟಕಿಯಿಂದ ಕೈಚಾಚಿ ಅಕ್ಕನ ಗಲ್ಲ ಮುಟ್ಟಿ ಹೇಳಿದಳು: "ಟೋಪಿ ತೆಗೆಯಾಕೆ ಹೇಳವ್ವಾ ಅವಂಗೆ. ಸೆಕೆಗೆ ತಲೆ ಕೆಟ್ಟಿರ್ತೈತೆ."

ತೂರುವ ಗಾಳಿ

ಒಂದು ದಿನದ ಚಿತ್ರದಲ್ಲಿ ಟೋಪಿ ಮಾವ ನಡೆದು ಹೋಗುತ್ತಿದ್ದಾನೆ, ಆಕಾಶದಿಂದ ಬೆಳ್ಳಗೆ ಏನೋ ಉದುರುತ್ತಿದೆ. ಎರಡನೆಯ ಚೌಕದಲ್ಲಿ ಸೊಂಟದ ಮಟ್ಟ, ಮೂರನೆಯದರಲ್ಲಿ ಟೋಪಿ ಮಾತ್ರ ಕಾಣುತ್ತಿದೆ. ಅದು ಹಿಮ. ನಾನು ಕೇಳಿ ಬಲ್ಲೆ, ಕಂಡಿಲ್ಲ. ಬಸ್ಸಿನಲ್ಲಿದ್ದ ರೈತರು ಕೇಳಿಯೂ ಇರಲಿಲ್ಲ.

"ಭತ್ತದ ಹೊಟ್ಟು" ಅಂದ ಒಬ್ಬ.

"ಹೊಟ್ಟೇ. ನೋಡು, ಯಾರೋ ಪುಣ್ಯಾತ್ಮ ಗಾಳಿ ನೋಡದೆ ತೂರ್ತಿದಾನೆ. ದಾರಿ ಮೇಲೆ ಹೋಗೋರ ಗತಿ ಏನು?"

"ಅಷ್ಟು ಹೊಟ್ಟು ಬರಬೇಕಂದ್ರೆ ಕಣ ಎಷ್ಟು ದೊಡ್ಡದಿರಬೇಕು ಮಾರಾಯ!"

ಅಲ್ಲಿಂದ ಮಾತು ಆ ಸೀಮೆಯ ಫಸಲಿಗೆ ಹೋಯಿತು. ಟೋಪಿ ಮಾವನ ದೇಶದ ಗದ್ದೆಗಳನ್ನು ಹೊಗಳಿ ಹೊಗಳಿ ಸಾಕಾದರು. ಅಕ್ಕನಿಗೆ ಪೇಪರು ಕೊಟ್ಟಾಗ ನಾನೂ ಅದನ್ನೇ ಹೇಳಿದೆ, ಹೊಟ್ಟು ಅಂತ. ಅವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆ ದಿನ ನಗಲಿಲ್ಲ.

"ಹೊಟ್ಟು ಹೊರೋ ಕೆಲಸದೋರು ನಾವು. ಅದ್ರಾಗೆ ಮನುಷ್ಯ ಮುಳುಗೋದಿಲ್ಲ ತಮ್ಮಾ" ಅಂದಳು. "ಅವನು ಹೆಜ್ಜೆ ಹಾಕ್ತಾ ಇಲ್ಲ, ಅಷ್ಟೆ. ಹೋಗಬೇಕನ್ನೋನು ಕೊಡವಿಕೊಂಡು ಹೋಗ್ತಾನೆ."

ಮರುದಿನ ಟೋಪಿ ಮಾವ ಕೊಡವಿಕೊಂಡು ಎದ್ದೇ ಇದ್ದ. ಜನಕ್ಕೆ ಈ ಮೂರು ಚೌಕ ಯಾಕೆ ಅಷ್ಟು ಪ್ರೀತಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಮೊದಲ ಪುಟದ ದೊಡ್ಡವರು ಎಂದೂ ಬಿದ್ದವರಲ್ಲ, ಎಂದೂ ತಪ್ಪಿದವರಲ್ಲ. ಕೊನೆಯ ಪುಟದವನು ದಿನಾ ಬೀಳುತ್ತಿದ್ದ, ಮಾರನೆಯ ದಿನ ಎದ್ದಿರುತ್ತಿದ್ದ. ನಾವೆಲ್ಲ ಅವನ ಕಡೆಯವರು. ಆದರೆ ಡ್ರೈವರು ಇದನ್ನು ಒಪ್ಪುತ್ತಿರಲಿಲ್ಲ. ಅವನ ಪ್ರಕಾರ ಜನಕ್ಕೆ ಅದು ಪ್ರೀತಿಯಾಗಲು ಕಾರಣ, ಇಡೀ ಪೇಪರಿನಲ್ಲಿ ಹೆಂಡತಿಗೆ ಹೆದರುವುದನ್ನು ಒಪ್ಪಿಕೊಂಡ ಗಂಡಸು ಅವನೊಬ್ಬನೇ.

ಪೇಪರಿನ ಹಿಂದಿನ ಮನುಷ್ಯ

ಭಾವ ಆಗಾಗ ಶಿಕಾರಿಪುರದ ಸಂತೆಗೆ ಬಂದು, ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ನಮ್ಮ ಬಸ್ಸಿನಲ್ಲೇ ವಾಪಸು ಹೋಗುತ್ತಿದ್ದ. ನಾವಿಬ್ಬರೂ ಗುರುತಿಲ್ಲದವರ ಹಾಗೆ ಇರುತ್ತಿದ್ದೆವು. ಹುಣಸೆಮರ ಬರುವ ಹೊತ್ತಿಗೆ ಅವನು ತಲೆ ಬಗ್ಗಿಸಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದ. ವರ್ಷಗಟ್ಟಲೆ ಒಂದೇ ಚಪ್ಪಲಿ, ಒಂದೇ ಜಾಗದಲ್ಲಿ ಸಡಿಲವಾಗುತ್ತಿತ್ತು.

ಒಂದು ದಿನ ಪೇಪರು ಕೈಯಿಂದ ಕೈಗೆ ಹೋಗಿ ಅವನ ಹತ್ತಿರ ನಿಂತಿತು. ಮರ ಹತ್ತಿರವಾದದ್ದೇ ಅವನು ಪೇಪರನ್ನು ಅಗಲಕ್ಕೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದ. ಬಸ್ಸು ನಿಂತಿತು. ಅಕ್ಕ ಸರಿಯಾಗಿ ಅವನ ಕಿಟಕಿಯ ಕೆಳಗೇ ಬಂದು ನಿಂತಳು.

"ಪೇಪರ್ ಕೊಡ್ರೀ" ಅಂದೆ.

"ಓದ್ತಾ ಇದೀನ್ರೀ" ಎಂದು ಪೇಪರಿನ ಹಿಂದಿನಿಂದ ದನಿ ಬಂತು.

ನನಗೆ ಒಳಗಿನಿಂದ ಕೋಪ ಉಕ್ಕಿತು. ಹದಿನಾಲ್ಕು ವರ್ಷದ ಕೋಪ. ಪೇಪರಿನ ಅಂಚು ಹಿಡಿದು ಎಳೆದೆ. ಅವನು ಬಿಡಲಿಲ್ಲ. ನಾನು ಇನ್ನೊಮ್ಮೆ ಜಗ್ಗಿದೆ, ಪೇಪರು ನನ್ನ ಕೈಗೆ ಬಂತು. ಅವನ ಎರಡೂ ಕೈ ಹಾಗೇ ಗಾಳಿಯಲ್ಲಿ ಉಳಿದವು. ಕಿಟಕಿಯ ಆಚೆ ಅಕ್ಕ, ಈಚೆ ಭಾವ. ಮಧ್ಯೆ ಒಂದು ಮೊಳ ದೂರ.

ಅಕ್ಕ ಅವನನ್ನು ನೋಡಿದಳು. ಕಣ್ಣು ತೆಗೆಯಲಿಲ್ಲ, ಸೆರಗು ಸರಿಮಾಡಿಕೊಳ್ಳಲಿಲ್ಲ. ನನ್ನ ಕೈಯಿಂದ ಪೇಪರು ತೆಗೆದುಕೊಂಡು ಮೂರು ಚೌಕವನ್ನೂ ದಿನದ ಹಾಗೆ ಬೆರಳಿಟ್ಟು ನೋಡಿದಳು. ಓದಿ ಹೇಳೆಂದು ಕೇಳಲಿಲ್ಲ. ಆಮೇಲೆ ಪೇಪರನ್ನು ಅವನ ಕೈಗೇ ಕೊಟ್ಟಳು.

"ತಲೆಕೆಳಗೆ ಮಾಡಿ ಹಿಡ್ಕೊಂಡಿದ್ರಲ್ಲ, ಪಾಪ" ಅಂದಳು. "ಅವನ ಟೋಪಿ ಬಿದ್ದೋಗಲ್ವೇನ್ರೀ?"

ಒಂದು ಕಾಯಿ

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಅಕ್ಕ ಹುಣಸೆಮರಕ್ಕೆ ಬರುವುದು ನಿಂತಿತು. ಜ್ವರ. ಮನೆಮದ್ದಿಗೆ ಇಳಿಯದಾಗ ಅದೇ ಬಸ್ಸಿನಲ್ಲಿ ಮಲಗಿಸಿಕೊಂಡು ಸೊರಬದ ಆಸ್ಪತ್ರೆಗೆ ಸೇರಿಸಿದೆ. ಭಾವನ ಊರಿನ ಮುಂದೆ ಹೋಗುವಾಗ "ಎಲ್ಲಿಗೆ ಬಂದ್ವಿ?" ಎಂದು ಕೇಳಿದಳು. ನಾನು ಹೇಳಿದೆ. "ಬಸ್ಸು ನಿಲ್ಸೋದಿಲ್ವಾ ಇಲ್ಲಿ?" ಅಂದಳು. ಇಳಿಯುವವರು ಯಾರೂ ಇಲ್ಲ ಅಂದೆ. ಆ ಮಾತನ್ನು ನಾನು ಆಡಬಾರದಿತ್ತು.

ದಿನಾ ಸೊರಬ ಮುಟ್ಟಿದ್ದೇ ಪೇಪರು ಹಿಡಿದು ಆಸ್ಪತ್ರೆಗೆ ಓಡುತ್ತಿದ್ದೆ. ಟೋಪಿ ಮಾವ ಆಗ ಸರಿಯಾದ ಊರಿಗೆ ಬಂದಿದ್ದ. ಆದರೆ ಬೀದಿ ತಪ್ಪಿಸಿಕೊಂಡಿದ್ದ. "ಹತ್ರ ಬಂದಾನೆ. ಹೋಗ್ತಾನಾ ತಮ್ಮಾ?" ಎಂದು ಅಕ್ಕ ಕೇಳುವಳು. ಹೋಗೇ ಹೋಗ್ತಾನೆ ಅನ್ನುತ್ತಿದ್ದೆ.

ಕುಪ್ಪಗಡ್ಡೆಯ ಅಜ್ಜಿಗೆ ವಿಷಯ ತಿಳಿಯಿತು. ತೊಗರ್ಸಿಯ ಮಲ್ಲಿಕಾರ್ಜುನನಿಗೆ ಹರಕೆ ಹೊತ್ತು ಬಂದಳು. ಆಸ್ಪತ್ರೆಯಲ್ಲಿ ಅಕ್ಕನ ಹಣೆಗೆ ಗುಡಿಯಿಂದ ತಂದ ಅಂಗಾರ ಹಚ್ಚಿ, "ನಿಂಗೆ ವಾಸಿ ಆಗ್ಲಿ ಅಂತ, ಟೋಪಿಗೆ ಮನೆ ಸಿಗ್ಲಿ ಅಂತ ಕಾಯಿ ಕಟ್ಟಿ ಬಂದೀನಿ" ಅಂದಳು.

"ಎರಡು ಕಾಯಿನಾ ಅಜ್ಜಿ?" ಅಕ್ಕನ ದನಿಯೇ ಕೇಳುತ್ತಿರಲಿಲ್ಲ.

"ಒಂದೇ. ಎರಡೂ ಒಂದೇ ಕೆಲಸ ಅಲ್ವಾ?"

ಅಕ್ಕ ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ. ಮೂರು ದಿನಕ್ಕೆ ಹೋಗಿಬಿಟ್ಟಳು. ಆ ದಿನದ ಪೇಪರು ನನ್ನ ಕಂಕುಳಲ್ಲೇ ಇತ್ತು, ಓದಿ ಹೇಳುವುದಾಗಲಿಲ್ಲ.

ಹನ್ನೊಂದನೆಯ ದಿನ

ನಮ್ಮಲ್ಲಿ ಹನ್ನೊಂದನೆಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಕೆರೆ ಏರಿಯ ಮೇಲೆ ಎಲೆ ಹಾಕಿ ಬಡಿಸುತ್ತಾರೆ. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಆ ಆಸೆ ಏನೆಂದು ಊಹಿಸಿ, ನೆರವೇರಿಸುತ್ತೇವೆಂದು ಮಾತು ಕೊಡಬೇಕು. ಅಲ್ಲಿಯವರೆಗೆ ಬಂದವರು ಯಾರೂ ಉಣ್ಣುವ ಹಾಗಿಲ್ಲ.

ಕಡುಬು, ಹೆಸರುಬೇಳೆ ಪಾಯಸ, ಹುರುಳಿ ಸಾರು ಎಲ್ಲ ಬಡಿಸಿದೆವು. ಕಾಗೆಗಳು ಬಂದವು. ಎದುರಿನ ಮರದಲ್ಲಿ ಸಾಲಾಗಿ ಕೂತವು. ಕೆಳಗಿಳಿಯಲಿಲ್ಲ.

"ನಿನ್ನ ಎಮ್ಮೇನ ಮಾರಲ್ಲ ಕಣೇ" ಎಂದು ಅಮ್ಮ ಅತ್ತಳು. ಕಾಗೆ ಅಲ್ಲಾಡಲಿಲ್ಲ.

"ನಿನ್ನ ತಮ್ಮಂಗೆ ಈ ವರ್ಷ ಮದುವೆ ಮಾಡಿಸ್ತೀವಿ" ಎಂದು ಊರಿನ ಗೌಡರು ಕೈಮುಗಿದರು. ಒಂದು ಕಾಗೆ ಹಾರಿಯೇ ಹೋಯಿತು.

ಬಿಸಿಲು ನೆತ್ತಿಗೆ ಬಂತು. ಬಂದವರ ಹೊಟ್ಟೆ ಚುರುಗುಟ್ಟುತ್ತಿತ್ತು. ಆಗ ಹಿಂದುಗಡೆಯಿಂದ ಭಾವ ಬಂದ. ಅವನು ಯಾವಾಗ ಬಂದು ನಿಂತಿದ್ದನೋ ಯಾರೂ ನೋಡಿರಲಿಲ್ಲ. ತಲೆಯ ಟವಲು ತೆಗೆದು ಎಲೆಯ ಮುಂದೆ ಮಂಡಿಯೂರಿದ. "ನಂದೇ ತಪ್ಪು. ಕರಿಯಾಕೆ ಬರಬೇಕಾಗಿತ್ತು" ಅಂದ. ಕೆಳಗಿನ ಕೊಂಬೆಯಲ್ಲಿದ್ದ ಕಾಗೆ ಎದ್ದು ಮೇಲಿನ ಕೊಂಬೆಗೆ ಹೋಯಿತು.

ಗೌಡರು ಹಸಿದಿದ್ದರು. "ನೀ ಸುಮ್ನಿರು ಮಾರಾಯ. ಇದ್ದಿದ್ದೂ ದೂರ ಹೋತು" ಎಂದು ಗದರಿದರು.

ನನಗೆ ಆಗ ಹೊಳೆಯಿತು. ಮನೆಗೆ ಓಡಿ, ಅಕ್ಕ ಹೋದ ದಿನದಿಂದ ಎತ್ತಿಟ್ಟಿದ್ದ ಹನ್ನೊಂದು ದಿನದ ಪೇಪರುಗಳನ್ನೂ ತಂದೆ. ಎಲೆಯ ಮುಂದೆ ಕೂತು, ಅಕ್ಕ ಬೆರಳಿಡುವ ಹಾಗೆ ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದೆ. ಟೋಪಿ ಮಾವ ಪೊಲೀಸಿನವನನ್ನು ದಾರಿ ಕೇಳಿದ್ದು, ಪೊಲೀಸಿನವನೂ ಹೆಂಡತಿಯನ್ನು ಹುಡುಕುತ್ತಿದ್ದದ್ದು, ಇಬ್ಬರೂ ಸೇರಿ ದಾರಿ ತಪ್ಪಿದ್ದು. ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಗತೊಡಗಿದರು. ಅಮ್ಮ ಅಳುತ್ತಲೇ ನಕ್ಕಳು. ಕಾಗೆಗಳು ಕೆಳಗಿನ ಕೊಂಬೆಗೆ ಇಳಿದವು.

ಹನ್ನೊಂದನೆಯ ಪೇಪರಿಗೆ ಬಂದೆ. ಅದರಲ್ಲೂ ಅವನು ಮನೆ ಮುಟ್ಟಿರಲಿಲ್ಲ. ನನ್ನ ಅಕ್ಕನಿಗೆ ಇದನ್ನು ಹೇಗೆ ಹೇಳಲಿ? ಇಲ್ಲದ್ದನ್ನು ಓದಿದೆ. "ಬಾಗಿಲು ತಟ್ಟಿದ. ಅವಳು ತೆಗೆದಳು. ಇಬ್ಬರೂ ನಗುನಗುತ್ತಾ ಊರಿಗೆ ಹೋದರು."

ಕಾಗೆಗಳು ಹಾಗೇ ಕೂತಿದ್ದವು. ಅಕ್ಕನ ಮುಂದೆ ನಾನು ಹೇಳಿದ ಸುಳ್ಳು ಎಂದೂ ದಕ್ಕಿದ್ದಿಲ್ಲ.

"ಇಲ್ಲ ಅಕ್ಕಾ" ಅಂದೆ. "ಅವನಿನ್ನೂ ಹೋಗಿಲ್ಲ. ಎಲ್ಲೋ ಬೀದಿ ಸುತ್ತುತಿದಾನೆ. ಹೋದ ದಿನ ನಾನೇ ಮರದ ಹತ್ರ ಬಸ್ಸು ನಿಲ್ಸಿ ಓದಿ ಹೇಳ್ತೀನಿ. ಈಗ ಉಣ್ಣು."

ಒಂದು ಕಾಗೆ ಇಳಿದು ಬಂದು ಕಡುಬು ಕಚ್ಚಿಕೊಂಡು ಹೋಯಿತು. ಗೌಡರು ಕಣ್ಣೊರೆಸಿಕೊಂಡು ಹೇಳಿದರು: "ಇದನ್ನ ಬೆಳಿಗ್ಗೇನೇ ಓದಿದ್ರೆ ಬಿಸೀದು ಉಣ್ಣಬಹುದಿತ್ತಲ್ಲೋ."

ಬಾಗಿಲು ತೆರೆದ ದಿನ

ಮಳೆಗಾಲ ಹಿಡಿಯುವ ಮುಂಚೆ ಒಂದು ಬೆಳಿಗ್ಗೆ ಶಿಕಾರಿಪುರದಲ್ಲಿ ಕಟ್ಟು ಬಿಚ್ಚಿ ಕೊನೆಯ ಪುಟ ನೋಡಿದೆ. ಟೋಪಿ ಮಾವ ಮನೆ ಮುಟ್ಟಿದ್ದ. ಬಸ್ಸಿನಲ್ಲಿ ಯಾರಿಗೂ ಪೇಪರು ಕೊಡಲಿಲ್ಲ. ಡ್ರೈವರಿಗೆ ಮಾತ್ರ ಹೇಳಿದೆ. ಹುಣಸೆಮರ ಬಂದಾಗ ಅವನು ನಾನು ಹೇಳುವ ಮೊದಲೇ ಬಸ್ಸು ನಿಲ್ಲಿಸಿ ಇಂಜಿನ್ನನ್ನೂ ಆರಿಸಿದ.

ನಾನು ಇಳಿದು ಅಕ್ಕ ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಕುಪ್ಪಗಡ್ಡೆಯ ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿದಳು. ಎಲ್ಲರೂ ಈ ಕಡೆಯ ಕಿಟಕಿಗೆ ಬಂದದ್ದರಿಂದ ಬಸ್ಸು ಸ್ವಲ್ಪ ವಾಲಿತು. ಸಂತೆಯಿಂದ ವಾಪಸಾಗುತ್ತಿದ್ದ ಭಾವ ಹಿಂದಿನ ಸೀಟಿನಲ್ಲಿ ಕೂತಿದ್ದ. ಅವನು ಯಾರೆಂದು ಬಸ್ಸಿನಲ್ಲಿ ನನಗೊಬ್ಬನಿಗೇ ಗೊತ್ತು. ಈ ಸಲ ಅವನು ಚಪ್ಪಲಿ ಸರಿಮಾಡಿಕೊಳ್ಳಲಿಲ್ಲ.

"ಮೊದಲನೇ ಚೌಕ" ಅಂದೆ. ಅದರ ಮೇಲೆ ಬೆರಳಿಟ್ಟೆ. "ಬಾಗಿಲು ತಟ್ಟುತ್ತಿದಾನೆ, ಅಕ್ಕಾ. ಎರಡನೇದು. ಅವಳು ಬಾಗಿಲು ತೆಗೆದು ನಿಂತಿದಾಳೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದಿದಾನೆ. ತಲೆ ಬೋಳು. ಮೂರನೇದು..." ಮೂರನೆಯದರಲ್ಲಿ ಮಾತಿರಲಿಲ್ಲ. ಅವಳು ಮುಂದೆ ಮುಂದೆ ನಡೆಯುತ್ತಿದ್ದಳು. ಅವನು ಅವಳ ಟ್ರಂಕು, ಹಾಸಿಗೆ, ಬೆಕ್ಕು ಎಲ್ಲ ಹೊತ್ತು ಹಿಂದೆ ಹೋಗುತ್ತಿದ್ದ. "ಕರಕೊಂಡು ಹೋದ ಅಕ್ಕಾ" ಅಂದೆ. "ಬಂದು ಕರಕೊಂಡು ಹೋದ."

ನಾನು ಅಲ್ಲೇ ನಿಂತು ಅತ್ತೆ. ನನಗೆ ನಾಚಿಕೆಯಾಗಲಿಲ್ಲ. ಬಸ್ಸಿನೊಳಗೂ ಮೂಗು ಒರೆಸಿಕೊಳ್ಳುವ ಸದ್ದು.

ಅಜ್ಜಿಗೆ ಮಾತ್ರ ಎಲ್ಲಿಲ್ಲದ ಸಿಟ್ಟು ಬಂತು. ಕಿಟಕಿಯ ಕಂಬಿ ಬಡಿದು ಕೂಗಿದಳು: "ಕರಕೊಂಡೋದ್ನಂತೆ, ದೊಡ್ಡ ಸಾಧನೆ! ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದನಂತೆ, ಕೇಳು ಅವನ್ನ!"

ಇಡೀ ಬಸ್ಸು ಹೋ ಎಂದು ನಕ್ಕಿತು. ಡ್ರೈವರು ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. ಅಳುತ್ತಿದ್ದ ನನಗೂ ನಗು ತಡೆಯಲಾಗಲಿಲ್ಲ.

ನಗುವಿನ ಮಧ್ಯೆ ಹಿಂದಿನ ಸೀಟಿನಲ್ಲಿ ಭಾವ ಎದ್ದು ನಿಂತ. ತನ್ನನ್ನೇ ಕೇಳಿದರೆಂದುಕೊಂಡಿದ್ದ.

"ಇದೇ ಬಸ್ಸಿನಾಗೆ ಓಡಾಡ್ತಿದ್ದೆ ಕಣವ್ವಾ" ಅಂದ.